ಅತ್ತೆ ಕೊಟ್ಟ ಉತ್ತರ

"ಗಂಡಸಾ, ಹೆಂಗಸಾ? ಕಂಪ್ಯೂಟರ್ ಕೇಳ್ತಾ ಇದೆ," ಎಂದಳು ರಕ್ತನಿಧಿಯ ಕೌಂಟರಿನ ಹುಡುಗಿ.

"ಹೆಂಗಸು," ಎಂದಳು ಅತ್ತೆ.

"ಆದ್ರೆ ಹಳೇ ರೆಕಾರ್ಡಲ್ಲಿ ಗಂಡಸು ಅಂತಿದೆಯಲ್ಲ ಮೇಡಂ?"

"ಆವಾಗ ಹಾಗೆ ಬರೆಸಿದ್ದೆ. ಈಗ ಹೀಗೆ."

ಹುಡುಗಿ ಮತ್ತೆ ಕೀ ಒತ್ತಿದಳು. ಪರದೆಯ ಮೇಲೆ ಕೆಂಪು ಗುರುತು ಮೂಡಿತು. "ತಗೋತಾ ಇಲ್ಲ. ತಾಳಿ, ಡಾಕ್ಟರನ್ನ ಕರೀತೀನಿ," ಎಂದು ಎದ್ದು ಹೋದಳು.

ಅತ್ತೆಯ ಕೈ ಹಿಡಿದು ನಿಂತಿದ್ದ ಚಿನಕುರುಳಿಗೆ ಇದರಲ್ಲಿ ಕೇಳುವಂಥದ್ದು ಏನಿದೆ ಅಂತಲೇ ಅರ್ಥವಾಗಲಿಲ್ಲ. ಅವಳು ಎರಡನೇ ಕ್ಲಾಸಿನಲ್ಲಿದ್ದಾಗ ಚಿಕ್ಕಪ್ಪ ಮನೆಯವರನ್ನೆಲ್ಲ ಕೂರಿಸಿಕೊಂಡು, "ನಾನು ಚಿಕ್ಕಂದಿನಿಂದಲೂ ಒಳಗೆ ಹೆಣ್ಣೇ. ಇನ್ಮೇಲೆ ಹಾಗೇ ಬದುಕ್ತೀನಿ," ಎಂದು ಹೇಳಿದ್ದಾಗಿತ್ತು. ಅಜ್ಜಿ ಬಹಳ ದಿನ ಮಾತು ಬಿಟ್ಟಿದ್ದರು. ಚಿನಕುರುಳಿ ಮಾತ್ರ ಕೂಡಲೇ ಲೆಕ್ಕ ಹಾಕಿದ್ದಳು. ಅಪ್ಪನ ತಮ್ಮ ಅಪ್ಪನ ತಂಗಿಯಾದರೆ ತನಗೆ ಅತ್ತೆ ತಾನೇ? ಚಿಕ್ಕಪ್ಪ ಸಿಟಿ ಬಸ್ಸು ಓಡಿಸುತ್ತಿದ್ದರು. ಅತ್ತೆಯೂ ಅದನ್ನೇ ಓಡಿಸುತ್ತಿದ್ದಳು. ಬಸ್ಸಿಗಂತೂ ಏನೂ ವ್ಯತ್ಯಾಸವಾಗಿರಲಿಲ್ಲ.

ಅವರು ಇಲ್ಲಿಗೆ ಬಂದಿದ್ದು ಚಿನಕುರುಳಿಯ ತಮ್ಮ ಗುಂಡನಿಂದಾಗಿ. ರೋಗಗಳನ್ನು ಹೊಡೆದೋಡಿಸುವ ಶಕ್ತಿ ಗುಂಡನ ಮೈಯಲ್ಲಿ ಹುಟ್ಟಿನಿಂದಲೇ ಕಡಿಮೆ. ಅವನು ಒಂದು ಸಲ ಸೀನಿದರೆ ಮನೆಯೆಲ್ಲ ಬೆಚ್ಚುತ್ತಿತ್ತು. ಪ್ರತಿ ತಿಂಗಳೂ ಆಸ್ಪತ್ರೆಯಲ್ಲಿ ಅವನಿಗೆ ಒಂದು ಔಷಧಿಯ ಡ್ರಿಪ್ ಹಾಕಿಸಬೇಕಿತ್ತು. ಆ ಔಷಧಿಯನ್ನು ಮಾಡುವುದು ಪ್ಲಾಸ್ಮಾದಿಂದ, ಅಂದರೆ ರಕ್ತದಲ್ಲಿರುವ ಹಳದಿ ನೀರಿನಿಂದ. ಎಷ್ಟೋ ಜನ ಕೊಟ್ಟ ಪ್ಲಾಸ್ಮಾ ಒಟ್ಟು ಸೇರಿದರೆ ಮಾತ್ರ ಔಷಧಿ ತಯಾರಾಗುತ್ತದೆ. ಕೊಡುವವರು ಕಡಿಮೆಯಾಗಿ ಈ ಸಲ ಔಷಧಿಯೇ ಸಿಕ್ಕಿರಲಿಲ್ಲ. ಅದಕ್ಕೇ ಅತ್ತೆ ತನ್ನ ಪ್ಲಾಸ್ಮಾ ಕೊಡಲು ರಜೆ ಹಾಕಿ ಬಂದಿದ್ದಳು. ಚಿನಕುರುಳಿ ಹಟ ಮಾಡಿ ಜೊತೆಗೆ ಬಂದಿದ್ದಳು.

ಡಾಕ್ಟರ್ ಬಂದರು. ಒಳ್ಳೆಯ ಮಾತಿನವರು.

"ನಿಮ್ಮ ತಪ್ಪೇನೂ ಇಲ್ಲ. ಎಷ್ಟು ಪ್ಲಾಸ್ಮಾ ತೆಗೀಬೇಕು ಅನ್ನೋಕೆ ಗಂಡಸರಿಗೆ ಒಂದು ಲೆಕ್ಕ, ಹೆಂಗಸರಿಗೆ ಇನ್ನೊಂದು ಲೆಕ್ಕ. ಬಸುರಿಯಾಗಿದ್ದವರಾದ್ರೆ ಬೇರೆ ಒಂದು ಟೆಸ್ಟ್ ಇದೆ. ನಿಮ್ಮ ಥರದವರಿಗೆ ಏನು ಮಾಡಬೇಕು ಅಂತ ನಮ್ಮ ರೂಲ್ಸಲ್ಲಿ ಬರೆದೇ ಇಲ್ಲ. ಬರೀದೇ ಇರೋದನ್ನ ನಾನು ಮಾಡೋ ಹಾಗಿಲ್ಲ."

"ಯಾವುದು ಕಡಿಮೆಯೋ ಆ ಲೆಕ್ಕ ಹಿಡೀರಿ," ಎಂದಳು ಅತ್ತೆ. "ಬಸುರಿ ವಿಷಯ ನನ್ನನ್ನೇ ಕೇಳಿ. ಆಗಿಲ್ಲ, ಆಗೋದೂ ಇಲ್ಲ."

ಡಾಕ್ಟರ್ ನಕ್ಕರು. "ನೀವು ಹೇಳೋದು ನ್ಯಾಯವಾಗೇ ಇದೆ. ಮೇಲಿನವರಿಗೆ ಬರೀತೀನಿ. ಇವತ್ತಂತೂ ಆಗಲ್ಲ, ಕ್ಷಮಿಸಿ."

ಅವರು ಅತ್ತ ಹೋದದ್ದೇ ತಡ, ಕೌಂಟರಿನ ಹುಡುಗಿ ದನಿ ತಗ್ಗಿಸಿದಳು. "ಮೇಡಂ, ಹಳೇ ರೆಕಾರ್ಡ್ ಇದ್ದ ಹಾಗೇ ಬಿಡ್ಲಾ? ಗಂಡಸು ಅಂತ ಇದ್ರೆ ಮೆಷಿನ್ ತಗೊಳ್ಳುತ್ತೆ. ಕುರ್ಚಿನೂ ಖಾಲಿ ಇದೆ."

ಅತ್ತೆ ಆ ಕಡೆ ತಿರುಗಿ ನೋಡಿದಳು. ಗಾಜಿನಾಚೆ ಉದ್ದನೆಯ ಕುರ್ಚಿಗಳು ಕಾಣುತ್ತಿದ್ದವು. ಒಬ್ಬ ನಡುವಯಸ್ಸಿನವ ತೋಳು ಚಾಚಿ ಮಲಗಿದ್ದ. ಅವನ ಪಕ್ಕದ ಚೀಲದಲ್ಲಿ ಹಳದಿ ನೀರು ತುಂಬುತ್ತಿತ್ತು.

ಚಿನಕುರುಳಿ ಅತ್ತೆಯ ಕೈ ಜಗ್ಗಿದಳು. "ಹೂಂ ಅನ್ನು ಅತ್ತೆ. ಒಂದೇ ಒಂದು ಗಂಟೆ ಚಿಕ್ಕಪ್ಪ ಆಗಿಬಿಡು. ಗುಂಡನಿಗೋಸ್ಕರ!"

ಅವಳ ಕೈಯೊಳಗಿದ್ದ ಅತ್ತೆಯ ಕೈ ಸಡಿಲವಾಯಿತು.

"ಬೇಡ," ಎಂದಳು ಅತ್ತೆ, ಕೌಂಟರಿನ ಹುಡುಗಿಗೆ. "ಡಾಕ್ಟರ್ ಫೋನ್ ಮಾಡ್ಲಿ. ಬರ್ತೀನಿ."

ರಸ್ತೆಗಿಳಿದ ಮೇಲೆ ಚಿನಕುರುಳಿಯ ಕೋಪ ಸಿಡಿಯಿತು. "ಗುಂಡನಿಗಿಂತ ಆ ಒಂದು ಪದ ಹೆಚ್ಚಾ ನಿಂಗೆ?"

"ದಾರಿ ನೋಡ್ಕೊಂಡು ನಡಿ," ಎಂದಳು ಅತ್ತೆ.

ಕೆಲವು ದಿನಗಳಾದ ಮೇಲೆ ಎಲ್ಲಿಂದಲೋ ಔಷಧಿ ಬಂತು. ಗುಂಡನಿಗೆ ಡ್ರಿಪ್ ಹಾಕುವಾಗ ಅಮ್ಮ ಎಂದಿನಂತೆ ನರ್ಸನ್ನು ಕೇಳಿದರು. "ಯಾರ್ಯಾರದೋ ಮೈಯಿಂದ ಬಂದದ್ದು. ಏನೂ ಆಗಲ್ಲ ತಾನೇ ಸಿಸ್ಟರ್?"

"ಏನೂ ಆಗಲ್ಲಮ್ಮ. ಟೆಸ್ಟ್ ಮೇಲೆ ಟೆಸ್ಟ್ ಮಾಡಿರ್ತಾರೆ. ಅದಕ್ಕೂ ಮುಂಚೆ ಕೊಡೋರನ್ನ ನೂರೆಂಟು ಪ್ರಶ್ನೆ ಕೇಳಿರ್ತಾರೆ. ಜ್ವರ ಬಂದಿತ್ತಾ, ಯಾವ ಮಾತ್ರೆ ನುಂಗ್ತೀರಾ, ಹೀಗೆ. ಅವರು ನಿಜ ಹೇಳ್ತಾರೆ ಅನ್ನೋ ನಂಬಿಕೆಯಿಂದಲೇ ಎಲ್ಲ ಶುರು."

"ಒಂದೇ ಒಂದು ಸುಳ್ಳು ಹೇಳಿದ್ರೆ?" ಎಂದಳು ಚಿನಕುರುಳಿ.

"ಒಂದು ಹೇಳಿದೋರು ಇನ್ನೊಂದು ಹೇಳಲ್ಲ ಅಂತ ಏನು ಗ್ಯಾರಂಟಿ ಪುಟ್ಟಿ?"

ಚಿನಕುರುಳಿ ಕಿಟಕಿಯ ಹತ್ತಿರ ಹೋಗಿ ನಿಂತಳು. ಡ್ರಿಪ್ ತೊಟ್ಟಿಕ್ಕುತ್ತಲೇ ಇತ್ತು.

"ಅಮ್ಮಾ, ಅಕ್ಕ ಮಾತೇ ಆಡ್ತಾ ಇಲ್ಲ. ಅವಳಿಗೂ ಒಂದು ಡ್ರಿಪ್ ಹಾಕ್ಸು!" ಎಂದ ಗುಂಡ.

ಮರುದಿನ ಸ್ಕೂಲ್ ಬಿಟ್ಟ ಮೇಲೆ ಅವಳು ಅತ್ತೆಯ ಬಸ್ಸಿಗೇ ಕಾದಳು. ಅವಳಿಗೆ ಸಿಕ್ಕಿದ್ದು ಡ್ರೈವರ್ ಹಿಂದಿನ ಸೀಟು. ಮಾರ್ಕೆಟ್ ಹತ್ತಿರ ಚೀಲ ಹೊತ್ತವನೊಬ್ಬ ನುಗ್ಗಿ ಬಂದು, "ಏನಯ್ಯಾ ಡ್ರೈವರ್ರೇ, ಸೀರೆ ಉಟ್ಟ ಮಾತ್ರಕ್ಕೆ ಬಸ್ಸು ಲೇಟಾ?" ಎಂದು ಹಲ್ಲು ಕಿಸಿದ. ನಾಲ್ಕೈದು ಜನ ನಕ್ಕರು.

ಅತ್ತೆ ತಿರುಗಲಿಲ್ಲ. ಕನ್ನಡಿಯಲ್ಲಿ ಅವಳ ಮುಖ ಒಂದಿಷ್ಟೂ ಬದಲಾಗಲಿಲ್ಲ. ಸ್ಟೀರಿಂಗ್ ಮೇಲಿದ್ದ ಬೆರಳುಗಳು ಮಾತ್ರ ಬಿಗಿಯಾದವು. ಅದನ್ನು ಹಿಂದೆ ಕೂತಿದ್ದ ಚಿನಕುರುಳಿ ನೋಡಿದಳು. ಅವನಿಗೆ ಏನಾದರೂ ಅನ್ನಬೇಕೆಂದು ಬಾಯಿ ತೆರೆದಳು. ಆದರೆ ಕೌಂಟರಿನ ಮುಂದೆ ತಾನೇ ಆಡಿದ್ದ ಮಾತು ನೆನಪಾಗಿ ಕಿಟಕಿಯತ್ತ ತಿರುಗಿದಳು.

ಕೊನೆಯ ಸ್ಟಾಪಿನಲ್ಲಿ ಎಲ್ಲರೂ ಇಳಿದರು. ಅತ್ತೆ ಎಂಜಿನ್ ನಿಲ್ಲಿಸಿ ನೀರು ಕುಡಿದಳು.

"ಡಾಕ್ಟರ್ ಫೋನ್ ಮಾಡಿದ್ರು. ಮೇಲಿನವರು ಒಪ್ಪಿದ್ರಂತೆ. ಕಡಿಮೆ ಲೆಕ್ಕವನ್ನೇ ಹಿಡೀತಾರಂತೆ. ಬಸುರಿ ಪ್ರಶ್ನೆ ಇನ್ಮೇಲೆ ಬಂದವರಿಗೆಲ್ಲ ಕೇಳ್ತಾರಂತೆ, ಗಂಡಸರಿಗೂ!"

"ಅಪ್ಪಂಗೂ?"

"ಕರ್ಕೊಂಡು ಹೋಗೋಣ. ಏನು ಹೇಳ್ತಾನೋ ನೋಡೋಣ."

ಖಾಲಿ ಬಸ್ಸಿನಲ್ಲಿ ಇಬ್ಬರ ನಗು ದೊಡ್ಡದಾಗಿ ಕೇಳಿಸಿತು. ಆಮೇಲೆ ಚಿನಕುರುಳಿ ಬ್ಯಾಗಿನ ಪಟ್ಟಿ ತಿರುಚುತ್ತಾ ಕೂತಳು.

"ಅತ್ತೆ, ಅವತ್ತು ನಾನು ಒಂದು ಗಂಟೆ ಅಂದೆನಲ್ಲ."

"ಹೂಂ."

"ಒಂದು ನಿಮಿಷ ಅಂತಲೂ ಕೇಳಬಾರದಿತ್ತು."

ಅತ್ತೆ ಬಾಟಲಿಯ ಮುಚ್ಚಳ ತಿರುಗಿಸಿ ತೆಗೆದಳು. ಆಮೇಲೆ ಬಾಟಲಿಯನ್ನು ಇವಳತ್ತ ಚಾಚಿದಳು.

"ಕುಡಿ. ವಾಪಸ್ ಟ್ರಿಪ್ಪಿಗೆ ಹೊತ್ತಾಯ್ತು."

ಚಿನಕುರುಳಿ ಕುಡಿದಳು. ಜನ ಹತ್ತತೊಡಗಿದರು. ಬಸ್ಸು ಹೊರಟಿತು. ಬಾಟಲಿಯನ್ನು ಅವಳು ದಾರಿಯುದ್ದಕ್ಕೂ ಮಡಿಲಲ್ಲೇ ಇಟ್ಟುಕೊಂಡಳು.