ಗುಡ್ಡಕ್ಕೆ ವರ್ಗಾವಣೆಯಿಲ್ಲ

ಜುಲೈ ಒಂಬತ್ತರ ಬೆಳಿಗ್ಗೆ ಹತ್ತೂವರೆಗೆ ಕೇರಳದ ವಿಳಿಂಜಂ ಸಮೀಪದ ಪೊಲೀಸ್ ಠಾಣೆಗೆ ಪ್ರೇಮ ಎಂಬ ಗೃಹಿಣಿ ದೂರು ತಂದರು. ಗುಡ್ಡ ಜಾರುತ್ತಿದೆ ಎಂಬ ವರದಿ ನಂಬಿ, ಅದರ ಬುಡದ ಆರು ಮನೆಯವರನ್ನು ಶಾಲೆಯ ಸಭಾಂಗಣಕ್ಕೆ ಸಾಗಿಸಲಾಗಿತ್ತು. ಬಿಟ್ಟುಬಂದ ಬಟ್ಟೆ ತರಲು ಹೋದ ಪ್ರೇಮ ಹಿತ್ತಿಲಿನಲ್ಲಿ ಕಂಡದ್ದೇ ಬೇರೆ. ಗುಡ್ಡದ ಜಾರಿಕೆ ಅಳೆಯಲು ನೆಟ್ಟಿದ್ದ ಕಬ್ಬಿಣದ ಗೂಟಗಳನ್ನು ಯಾರೋ ಕಿತ್ತು, ಒಂದು ಗೇಣು ಕೆಳಗೆ ನೆಟ್ಟಿದ್ದರು.

ಇನ್‌ಸ್ಪೆಕ್ಟರ್ ಗುರುಕಿರಣ್ ಕಾಸರಗೋಡಿನವರು. ಎಫ್‌ಐಆರ್ ದಾಖಲಿಸಿ, ಕಾನ್ಸ್‌ಟೇಬಲ್ ರಾಜೀವಿಯೊಡನೆ ಸ್ಥಳಕ್ಕೆ ಹೋಗಿ ಮಹಜರು ಮಾಡಿದರು. ರಸ್ತೆಗಾಗಿ ಹಿಂದೆಂದೋ ಕತ್ತರಿಸಿದ ಜೇಡಿಮಣ್ಣಿನ ಗುಡ್ಡ. ಹಳೆಯ ಕುಳಿಗಳನ್ನು ಮುಚ್ಚಿದ್ದರೂ ಗುರುತು ಉಳಿದಿತ್ತು.

"ಪೋಕರಿಗಳಾದರೆ ಕಿತ್ತು ಎಸೆಯುತ್ತಿದ್ದರು ಸಾರ್," ಎಂದಳು ರಾಜೀವಿ. "ಇದನ್ನು ಗುಡ್ಡವೇ ಜಾರಿದೆ ಅನ್ನಿಸುವ ಹಾಗೆ ಮಟ್ಟ ನೋಡಿ ನೆಟ್ಟಿದ್ದಾರೆ."

ಗೂಟ ನೆಡುವುದು, ಅಳೆಯುವುದು ಒಬ್ಬನದೇ ಕೆಲಸ. ಕೇಂದ್ರ ಸರ್ಕಾರಿ ಕಚೇರಿಯ ಎಂಜಿನಿಯರ್, ಮೈಸೂರಿನ ಶ್ರೀಹರಿ. ಗುಡ್ಡ ಜಾರುತ್ತಿದೆಯೆಂದು ವರದಿ ಕೊಟ್ಟವನೂ ಅವನೇ; ಅದೇ ವಾರ ಅವನಿಗೆ ಕೊಚ್ಚಿಗೆ ವರ್ಗವಾಗಿತ್ತು. ಮರುದಿನ ಸಂಜೆ ಅಲ್ಲಿನ ಕಲೂರ್ ಬಡಾವಣೆಯ ಬಾಡಿಗೆ ಕೋಣೆಯಲ್ಲಿ ಸಿಕ್ಕಿದ. ಪೆಟ್ಟಿಗೆಗಳನ್ನು ಇನ್ನೂ ಬಿಚ್ಚಿರಲಿಲ್ಲ.

"ಗೂಟ ಕಿತ್ತದ್ದು ಯಾರು?"

"ನಾನೇ."

"ಎಂತಕ್ಕೆ?"

"ಕತ್ತರಿಸಿದಾಗ ಜೇಡಿ ಗಟ್ಟಿಯಾಗೇ ನಿಂತ್ಕೊಳ್ಳುತ್ತೆ ಸಾರ್. ಆಮೇಲೆ ಪ್ರತಿ ಮಳೆಗಾಲ ಒಳಗೆ ನೀರಿಳಿದು ಬಲ ಕಳ್ಕೊಳ್ತಾ ಹೋಗುತ್ತೆ. ಇಪ್ಪತ್ತು ಮೂವತ್ತು ವರ್ಷ ನಿಂತು ಆಮೇಲೆ ಕುಸಿದಿರೋದೂ ಇದೆ. ನಮ್ಮ ಪೋಸ್ಟಿಂಗು ಮೂರೇ ವರ್ಷ. ಬಂದೋರೆಲ್ಲ 'ಸದ್ಯಕ್ಕೆ ಅಪಾಯವಿಲ್ಲ' ಅಂತ ಬರೆದು ಹೋದ್ರು. ಅದು ಸುಳ್ಳೂ ಅಲ್ಲ."

"ಈ ವರ್ಷ ಬೀಳ್ತದಾ?"

"ಗೊತ್ತಿಲ್ಲ."

"ಗೊತ್ತಿಲ್ಲದೆ ಜನರನ್ನು ಎಬ್ಬಿಸಿದ್ದಾ ಮಾರಾಯ್ರೆ?"

"ಗೊತ್ತಿಲ್ಲ ಅಂತ ಬರೆದ್ರೆ ಯಾರೂ ಎಬ್ಬಿಸಲ್ಲ ಸಾರ್. ನಾನು ಹೊರಟುಬಿಟ್ರೆ ಅವರನ್ನ ಕೇಳೋರು ಯಾರು?"

ಗುರುಕಿರಣ್‌ಗೆ ಸಿಟ್ಟೂ ಬಂತು, ಅಯ್ಯೋ ಅಂತಲೂ ಅನ್ನಿಸಿತು. ಕಾನೂನಿನಲ್ಲಿ ಎರಡಕ್ಕೂ ಜಾಗವಿರಲಿಲ್ಲ. ಸುಳ್ಳು ವರದಿ ಸಲ್ಲಿಸಿದ ಆರೋಪದ ಮೇಲೆ ಏಳು ಗಂಟೆಗೆ ದಸ್ತಗಿರಿ ಮಾಡಿದರು.

ಜೀಪು ತಿರುವನಂತಪುರದ ಹಾದಿ ಹಿಡಿದಾಗ ಪ್ರೇಮ ಫೋನ್ ಮಾಡಿದರು. ತೆರವಿನ ಆದೇಶ ರದ್ದಾಗಿ, ಆರೂ ಮನೆಯವರು ಮಧ್ಯಾಹ್ನವೇ ಹಿಂದಿರುಗಿದ್ದರು. ಗುರುಕಿರಣ್ ಮೆಲ್ಲಗೆ, ಮಳೆಗಾಲ ಮುಗಿಯುವವರೆಗಾದರೂ ಬೇರೆಡೆ ಇರಬಹುದಲ್ಲ ಎಂದು ಮಲಯಾಳಂನಲ್ಲಿ ಕೇಳಿದರು.

"ಬೇಡ ಸಾರೇ," ಎಂದರು ಪ್ರೇಮ ಗಟ್ಟಿಯಾಗಿ. "ಒಂದು ಸಲ ನಂಬಿ ಎದ್ದದ್ದು ಸಾಕು. ಇನ್ನು ಯಾರು ಬಂದು ಹೇಳಿದರೂ ನಾವು ಏಳುವುದಿಲ್ಲ."

ಆ ಮಾತು ಪಕ್ಕದಲ್ಲಿದ್ದ ಶ್ರೀಹರಿಗೂ ಕೇಳಿಸಿತು. ಮೂರು ವರ್ಷಗಳಲ್ಲಿ ಅವನು ಮಲಯಾಳಂ ಚೆನ್ನಾಗಿಯೇ ಕಲಿತಿದ್ದ.