ರೌಟರ್ ಕೆಟ್ಟ ಶನಿವಾರ

ಮೆರ್ಲೆ ಪೇಪರ್ ಕ್ಲಿಪ್ಪಿನ ತುದಿಯನ್ನು ರೌಟರ್‌ನ ಸಣ್ಣ ತೂತಿಗೆ ಚುಚ್ಚಿ ಮೂರನೇ ಸಲ ಒತ್ತಿ ಹಿಡಿದಳು. ಕೆಂಪು ದೀಪ ಮೊದಲಿನಂತೆಯೇ ಮಿಟುಕುತ್ತಿತ್ತು. ಅದು ಅಳುತ್ತಿರುವಂತೆ ಅವಳಿಗೆ ಕಂಡಿತು. ನಿಜವಾಗಿ ಅಳು ಬರುತ್ತಿದ್ದುದು ಅವಳಿಗೇ.

ಹಾಲ್‌ನ ಕಿಟಕಿಯಲ್ಲಿ ಹಾಯಾಗಿದ್ದ ರೌಟರನ್ನು ಬೆಳಿಗ್ಗೆ ಅವಳೇ ಕಿತ್ತು ತಂದು ಅಜ್ಜನ ಮೇಜಿನ ಮೇಲಿಟ್ಟಿದ್ದಳು. ರೌಟರ್ ಒಳಗೆ ಕೂತು ಅದನ್ನು ನಡೆಸುವ ಪ್ರೋಗ್ರಾಂಗೆ ಫರ್ಮ್‌ವೇರ್ ಅನ್ನುತ್ತಾರೆ. ಕಾಸೆಲ್ ಊರಿನ ಗೆಳೆಯರ ಬಳಗವೊಂದು ತಾನೇ ಬರೆದ ಹೊಸ ಫರ್ಮ್‌ವೇರನ್ನು ಎಲ್ಲರಿಗೂ ಪುಕ್ಕಟೆಯಾಗಿ ಕೊಡುತ್ತಿತ್ತು. ಅದನ್ನು ಹಾಕಿದರೆ ಬೀದಿಯ ಬೆಂಚಿನ ಮೇಲೆ ಕೂತವರಿಗೂ ಇವರ ಮನೆಯ ನೆಟ್ ಸಿಗುತ್ತಿತ್ತು.

ಮಧ್ಯಾಹ್ನ ಮೂರು ಗಂಟೆಗೆ ಅದು ನಲವತ್ತು ಪರ್ಸೆಂಟ್ ಒಳಗೆ ಹೋಗಿತ್ತು. ಆಗಲೇ ಅಜ್ಜ ಗೊಟ್‌ಲೀಬ್ ಕೇಕ್ ತಿನ್ನಲು ಕರೆದ. ಶನಿವಾರ ಮೂರಕ್ಕೆ ಕೇಕ್ ಎಂದರೆ ಮೂರಕ್ಕೇ. ಅದರಲ್ಲಿ ಅಜ್ಜನಿಗೂ ಚರ್ಚಿನ ಗಂಟೆಗೂ ಒಂದು ನಿಮಿಷದ ವ್ಯತ್ಯಾಸ ಇರುತ್ತಿರಲಿಲ್ಲ. ಕೇಕ್ ಮುಗಿಸಿ ಅಜ್ಜನ ಹಿಂದೆಯೇ ರೂಮಿಗೆ ಬಂದರೆ, ರೌಟರ್ ಹೀಗೆ ಕೆಂಪಗೆ ಮಿಟುಕುತ್ತಿತ್ತು.

ಅದು ಬೇರೆ ದಿನ ಕೆಟ್ಟಿದ್ದರೆ ಅಷ್ಟು ಕಷ್ಟವಿರಲಿಲ್ಲ. ಆದರೆ ಇವತ್ತು ಐದು ಗಂಟೆಗೆ ತೋಟಗಳ ಸಂಘದ ಆನ್‌ಲೈನ್ ಮೀಟಿಂಗ್. ಊರ ಹೊರಗಿನ ಮೂವತ್ತೊಂದು ಪುಟ್ಟ ತೋಟಗಳಲ್ಲಿ ಒಂದು ಅಜ್ಜನದು. ಅಲ್ಲಿ ಮೆರ್ಲೆ ಹುಟ್ಟಿದ ವಾರ ಅಜ್ಜ ನೆಟ್ಟ ಮರಸೇಬಿನ ಮರವಿದೆ. ಸಂಘದ ನಿಯಮದ ಪ್ರಕಾರ ಮರ ನಾಲ್ಕು ಮೀಟರ್ ಮೀರುವಂತಿಲ್ಲ. ಇದು ನಲವತ್ತು ಸೆಂಟಿಮೀಟರ್ ಹೆಚ್ಚು. ತುದಿ ಕತ್ತರಿಸಿದರೆ ಸಾಲದು, ಬುಡಕ್ಕೇ ಗರಗಸ ಹಾಕಬೇಕೆಂದು ನಿಯಮವೇ ಹೇಳುತ್ತಿತ್ತು. ಇವತ್ತಿನ ಮೀಟಿಂಗಿನಲ್ಲಿ ಅದರದೇ ತೀರ್ಮಾನ; ಬಾರದವರು ಕಡಿಯಲು ಒಪ್ಪಿದಂತೆ ಲೆಕ್ಕ.

ಸಂಘದ ಅಧ್ಯಕ್ಷ ಡಿಂಕೆಲ್ ಅವರ ಮನೆ ಎದುರಿಗೇ ಇತ್ತು. ಕಾಲು ಮುರಿದುಕೊಂಡು ಕಿಟಕಿಯ ಪಕ್ಕ ಕೂತಿದ್ದರು. ಅಜ್ಜ ಕಿಟಕಿ ತೆಗೆದು, ನೆಟ್ ಕೆಟ್ಟಿದೆ, ನನ್ನ ಮಾತನ್ನು ಇಲ್ಲಿಂದಲೇ ಹೇಳಲೇ ಎಂದು ಕೇಳಿದ.

ಡಿಂಕೆಲ್ ಬೇಸರದಿಂದಲೇ ತಲೆಯಾಡಿಸಿದರು. "ಆಗಲ್ಲ ಗೊಟ್‌ಲೀಬ್. ಮೀಟಿಂಗ್ ಆನ್‌ಲೈನ್ ಅಂತ ನೋಟಿಸ್ ಹೋಗಿದೆ. ಕಿಟಕೀಲಿ ಹೇಳಿದ್ದನ್ನ ನಾನು ಹೆಂಗೆ ಬರ್ಕೊಳ್ಲಿ?"

"ನನ್ನ ಮಾತು ನಿಮಗೆ ಕೇಳಿಸ್ತಿದೆ ತಾನೆ?"

"ಅಧ್ಯಕ್ಷನಾಗಿ ಕೇಳಿಸ್ತಿಲ್ಲ," ಎಂದರು ಡಿಂಕೆಲ್.

ಅಜ್ಜನೂ ಅದನ್ನು ನ್ಯಾಯವೆಂದೇ ಒಪ್ಪಿ ಕಿಟಕಿ ಮುಚ್ಚಿದ. ಮೆರ್ಲೆಯ ತಲೆ ಸವರಿ, "ಹೋಗ್ಲಿ ಬಿಡು ಪುಟ್ಟಿ. ಕಲಿಯೋರ ಕೈಲಿ ಕೆಡೋದು ಸಹಜ," ಎಂದ. ಬೈದಿದ್ದರೆ ಅವಳಿಗೆ ಇಷ್ಟು ನೋವಾಗುತ್ತಿರಲಿಲ್ಲ.

ಫರ್ಮ್‌ವೇರ್ ಬಳಗದ ಯುಟ್ಟಾ ಅಕ್ಕನನ್ನು ಕೇಳೋಣವೆಂದರೆ ಮನೆಯ ಫೋನ್ ನಡೆಯುತ್ತಿದ್ದುದೂ ರೌಟರ್‌ನಿಂದಲೇ. ಮೊಬೈಲ್ ಸಿಗ್ನಲ್ ಇವರ ಊರಿನಲ್ಲಿ ಸ್ಮಶಾನದ ಗೋಡೆಯ ಹತ್ತಿರ ಬಿಟ್ಟರೆ ಎಲ್ಲೂ ಸಿಗದು. ಮೆರ್ಲೆ ಸೈಕಲ್ ಹತ್ತಿ ಅಲ್ಲಿಗೆ ಹೋದಾಗ ಮೂರು ಜನ ಆಗಲೇ ಗೋಡೆಗೆ ಒರಗಿದ್ದರು. ಒಬ್ಬ ಟ್ರ್ಯಾಕ್ಟರ್ ಟೈರಿಗೆ ಆರ್ಡರ್ ಕೊಡುತ್ತಿದ್ದ. ಒಬ್ಬಾಕೆ ಗೋರಿಕಲ್ಲುಗಳ ಕಡೆ ಮುಖಮಾಡಿ, ಹುಟ್ಟುಹಬ್ಬಕ್ಕೆ ಎಲ್ಲರೂ ಖಂಡಿತ ಬರಲೇಬೇಕು ಎಂದು ಕರೆಯುತ್ತಿದ್ದಳು.

ಯುಟ್ಟಾ ಎಲ್ಲವನ್ನೂ ಸಮಾಧಾನದಿಂದ ಕೇಳಿಸಿಕೊಂಡಳು. ರೌಟರ್ ಸತ್ತಿಲ್ಲ, ಮೂರ್ಛೆ ಹೋಗಿದೆ ಅಷ್ಟೆ ಎಂದಳು. ಆನ್ ಆದ ಮೇಲೆ ಒತ್ತಿದರೆ ಪ್ರಯೋಜನವಿಲ್ಲ. ಮೊದಲು ಪಿನ್ ಒತ್ತಿ ಹಿಡಿಯಬೇಕು, ಆಮೇಲೆ ಕರೆಂಟ್ ಕೊಟ್ಟು ಹತ್ತು ಎಣಿಸಬೇಕು. ದೀಪ ಬೇಗಬೇಗ ಮಿಟುಕಿದಾಗ ಕೇಬಲ್ ಮೂಲಕ ಹಳೆಯ ಫರ್ಮ್‌ವೇರ್ ಕಳಿಸಬೇಕು.

"ಹಳೇ ಫೈಲ್ ಲ್ಯಾಪ್‌ಟಾಪಲ್ಲಿ ಇದೆಯಲ್ವಾ? ಸರಿ. ಒಂದು ನೆನಪಿಟ್ಕೋ. ಐದು ನಿಮಿಷ ಕರೆಂಟ್ ಮಾತ್ರ ಹೋಗ್ಬಾರ್ದು. ಮಧ್ಯಾಹ್ನ ಹೋಗಿತ್ತಾ?"

"ಇಲ್ಲಕ್ಕ. ನಮ್ಮೂರಲ್ಲಿ ಸಿಗ್ನಲ್ ಇರಲ್ಲ, ಆದ್ರೆ ಕರೆಂಟ್ ಯಾವತ್ತೂ ಹೋಗಲ್ಲ."

ನಾಲ್ಕೂ ಮೂವತ್ತೈದಕ್ಕೆ ಮೆರ್ಲೆ ಮತ್ತೆ ರೌಟರ್ ಮುಂದಿದ್ದಳು. ಪಿನ್ ಒತ್ತಿದಳು, ಕರೆಂಟ್ ಕೊಟ್ಟಳು, ಹತ್ತು ಎಣಿಸಿದಳು. ದೀಪ ಪಟಪಟನೆ ಮಿಟುಕಿತು. ಫೈಲ್ ಹರಿಯತೊಡಗಿತು. ಅಜ್ಜ ಹಿಂದಿನ ಕುರ್ಚಿಯಲ್ಲಿ ತೋಟದ ನಕ್ಷೆ ಹಿಡಿದು ಭಾಷಣ ಗುನುಗುತ್ತಿದ್ದ.

ಲ್ಯಾಪ್‌ಟಾಪಿನ ಬ್ಯಾಟರಿ ಹತ್ತು ಪರ್ಸೆಂಟಿಗೆ ಇಳಿದಿತ್ತು. ಚಾರ್ಜರ್ ಮಹಡಿಯಲ್ಲಿತ್ತು. ಅಜ್ಜನಿಗೆ ರೌಟರ್ ಮುಟ್ಟಬೇಡ ಎಂದು ಹೇಳಿ ಅವಳು ಓಡಿದಳು. ಅಜ್ಜ ತಾನು ಅದರ ಹತ್ತಿರವೂ ಸುಳಿಯುವುದಿಲ್ಲವೆಂದು ಮಾತು ಕೊಟ್ಟ.

ಚಾರ್ಜರ್ ಹಿಡಿದು ಇಳಿಯುವಾಗ ಮೆಟ್ಟಿಲ ಮೇಲಿಂದ ತೆರೆದ ಬಾಗಿಲಲ್ಲಿ ಅಜ್ಜ ಕಂಡ. ಮೀಟಿಂಗಿಗೆ ಅಂಗಿ ಇಸ್ತ್ರಿ ಮಾಡಬೇಕೆಂದು ಎದ್ದಿದ್ದ. ಹೊರಡುವ ಮೊದಲು ಬಲಗಾಲಿನ ಚಪ್ಪಲಿ ಬಿಟ್ಟು, ಮೇಜಿನಡಿಗೆ ಕಾಲು ಚಾಚಿ, ಹೆಬ್ಬೆರಳಿನಿಂದ ಎಕ್ಸ್‌ಟೆನ್ಷನ್ ಬಾಕ್ಸಿನ ಕೆಂಪು ಸ್ವಿಚ್ ಒತ್ತಿದ. ಟಕ್. ಟೇಬಲ್ ಲ್ಯಾಂಪ್ ಆರಿತು, ರೇಡಿಯೋ ಆರಿತು, ರೌಟರ್ ಆರಿತು. ಅಜ್ಜ ಹಾಡು ಗುನುಗುತ್ತ ಹೋದ.

ಮೆರ್ಲೆ ಮೆಟ್ಟಿಲ ಮೇಲೆಯೇ ನಿಂತುಬಿಟ್ಟಳು. ಅವಳು ಹುಟ್ಟಿದಾಗಿನಿಂದ ಆ ಟಕ್ ಸದ್ದು ಕೇಳುತ್ತಲೇ ಇದ್ದಳು. ರೂಮಿನಿಂದ ಕೊನೆಗೆ ಹೋಗುವವರು ಸ್ವಿಚ್ ಆರಿಸಬೇಕು, ಸುಮ್ಮನೆ ಕರೆಂಟ್ ಸುಡಬಾರದು. ಸಂಜೆಯ ಪ್ರಾರ್ಥನೆಯಂತೆ ಅಜ್ಜ ಅದನ್ನು ಒಂದು ದಿನವೂ ತಪ್ಪಿಸಿದವನಲ್ಲ. ಮೂರು ಗಂಟೆಗೆ ಕೇಕ್ ತಿನ್ನಲು ಹೊರಟಾಗಲೂ ಅವನೇ ಕೊನೆಯಲ್ಲಿ ಬಂದಿದ್ದ. ಮರಳಿದಾಗ ಮೊದಲು ಒಳಗೆ ಹೋಗಿ ಸ್ವಿಚ್ ಹಾಕಿದವನೂ ಅವನೇ.

ಹಾಗಾದರೆ ಕೆಡಿಸಿದ್ದು ನಾನಲ್ಲ! ಕೂಗಿ ಹೇಳಬೇಕೆಂದು ಬಾಯಿ ತೆರೆದಳು. ಆದರೆ ಅಡುಗೆಮನೆಯಲ್ಲಿ ಅಜ್ಜ ತನ್ನ ಮರವನ್ನು ಉಳಿಸಲು ಕಾಲರ್ ಇಸ್ತ್ರಿ ಮಾಡುತ್ತಿದ್ದ. ಅವನ ಹೆಬ್ಬೆರಳೇ ಆ ಮರಕ್ಕೆ ಗರಗಸ ಹಾಕುತ್ತಿದೆ ಎಂದು ಹೇಗೆ ಹೇಳುವುದು? ಅವಳು ಬಾಯಿ ಮುಚ್ಚಿಕೊಂಡು ಕೆಳಗಿಳಿದಳು.

ನಾಲ್ಕೂ ನಲವತ್ತೈದಕ್ಕೆ ಮತ್ತೆ ಪಿನ್, ಮತ್ತೆ ಹತ್ತರ ಎಣಿಕೆ. ಈ ಸಲ ಮೆರ್ಲೆ ಮೇಜಿನಡಿಗೆ ನುಸುಳಿ, ಕಾವಿಗೆ ಕೂತ ಕೋಳಿಯಂತೆ ಸ್ವಿಚ್ಚನ್ನು ಬಳಸಿ ಕೂತಳು. ಅಜ್ಜ ಇಸ್ತ್ರಿಯ ಅಂಗಿ ತೊಟ್ಟು ಕನ್ನಡಕ ಹುಡುಕಲು ಬಂದ. ಸಿಕ್ಕಿತು. ಹೊರಡುವ ಮುಂಚೆ ಚಪ್ಪಲಿ ಬಿಟ್ಟು ಕಾಲು ಚಾಚಿದ. ಬೆರಳಿಗೆ ಮೆರ್ಲೆಯ ಮೊಣಕಾಲು ತಾಕಿತು.

"ಸ್ವಲ್ಪ ಸರ್ಕೋ ಪುಟ್ಟಿ. ಆಫ್ ಮಾಡಿ ಹೋಗ್ತೀನಿ."

"ನಾನಿನ್ನೂ ರೂಮಲ್ಲೇ ಇದೀನಲ್ಲ, ಅಜ್ಜ."

ಅಜ್ಜ ಯೋಚಿಸಿದ. ನಿಯಮ ಅವಳ ಕಡೆಗಿತ್ತು. "ಹೌದಲ್ವಾ," ಎಂದು ಕಾಲು ಹಿಂದಕ್ಕೆ ತೆಗೆದುಕೊಂಡು, ಹೋಗುವಾಗ ಮರೆಯಬೇಡವೆಂದು ಎಚ್ಚರಿಸಿ ಹೋದ.

ಐದಕ್ಕೆ ಏಳು ನಿಮಿಷವಿರುವಾಗ ಹಸಿರು ದೀಪ ಹತ್ತಿತು. ನಂದಾದೀಪದಂತೆ ಮಿಟುಕದೆ ನಿಂತಿತು. ಹಳೆಯ ಫರ್ಮ್‌ವೇರೇ ಮರಳಿ ಕೂತಿತ್ತು. ಮೆರ್ಲೆ ರೌಟರನ್ನು ಹಾಲ್‌ನ ಕಿಟಕಿಗೆ ಒಯ್ದು ಸಿಕ್ಕಿಸಿದಳು. ಐದಕ್ಕೆ ಅಜ್ಜ ಲ್ಯಾಪ್‌ಟಾಪಿನ ಮುಂದೆ ನೆಟ್ಟಗೆ ಕೂತಿದ್ದ.

ಸೆಖೆಗೆ ಎರಡೂ ಮನೆಗಳ ಕಿಟಕಿ ತೆರೆದಿದ್ದವು. ಡಿಂಕೆಲ್ ಆಡಿದ ಪ್ರತಿ ಮಾತು ಮೊದಲು ಬೀದಿ ದಾಟಿ ಬರುತ್ತಿತ್ತು, ಎರಡು ಸೆಕೆಂಡಿನ ಮೇಲೆ ಲ್ಯಾಪ್‌ಟಾಪಿನಿಂದ ಬರುತ್ತಿತ್ತು. ಅಜ್ಜ ಮೊದಲನೆಯದಕ್ಕೆ ತುಟಿ ಬಿಗಿದು, ಎರಡನೆಯದು ಬಂದ ಮೇಲಷ್ಟೇ ಉತ್ತರ ಕೊಡುತ್ತಿದ್ದ. ನಿಯಮವೆಂದರೆ ನಿಯಮ.

ನೆಟ್ ಕೆಟ್ಟಿತ್ತಂತಲ್ಲ, ಏನಾಗಿತ್ತು ಎಂದು ಯಾರೋ ಕೇಳಿದರು. ಮೊಮ್ಮಗಳು ರೌಟರ್ ಕೆಡಿಸಿದ್ದಳು, ಅವಳೇ ಸರಿಮಾಡಿದಳು ಎಂದು ಅಜ್ಜ ಹೆಮ್ಮೆಯಿಂದ ಹೇಳಿದ. ಎಲ್ಲರೂ ನಕ್ಕರು. ಡಿಂಕೆಲ್ ಅದನ್ನು ಬರೆದುಕೊಂಡರು. ಮೆರ್ಲೆಯ ಕಿವಿ ಬಿಸಿಯಾಯಿತು.

ಆಮೇಲೆ ಅಜ್ಜ ತನ್ನ ವಾದ ಮಂಡಿಸಿದ. ಎತ್ತರ ಅಳೆಯುವುದು ನೆಲದಿಂದ ತಾನೆ? ಮರದ ಸುತ್ತ ನಲವತ್ತು ಸೆಂಟಿಮೀಟರಿನ ಕಲ್ಲಿನ ಕಟ್ಟೆ ಕಟ್ಟುತ್ತೇನೆ. ಕಟ್ಟೆಯ ಮೇಲಿಂದ ಅಳೆದರೆ ಮರ ನಾಲ್ಕೇ ಮೀಟರ್. ಅಳೆಯುವವರು ಚಪ್ಪಲಿ ಹಾಕಿಕೊಂಡು ಕಟ್ಟೆ ಹತ್ತಬಹುದೇ ಎಂಬ ಬಗ್ಗೆ ಇಪ್ಪತ್ತೈದು ನಿಮಿಷ ಚರ್ಚೆ ನಡೆಯಿತು. ಕೊನೆಗೆ ಹತ್ತೊಂಬತ್ತು ಕೈಗಳು ಮೇಲೆದ್ದವು. ಮರ ಉಳಿಯಿತು.

ಸಂಜೆ ಊಟಕ್ಕೆ ಅಜ್ಜ ಬ್ರೆಡ್ ಕೊಯ್ಯಲು ಕೂತ.

"ಆ ಪ್ರೋಗ್ರಾಂ ಒಳಗೆ ಹೋಗೋಕೆ ಎಷ್ಟು ಹೊತ್ತು ಬೇಕು ಪುಟ್ಟಿ?"

"ಐದು ನಿಮಿಷ. ಮಧ್ಯದಲ್ಲಿ ಕರೆಂಟ್ ಹೋಗ್ಬಾರ್ದು, ಅಷ್ಟೆ."

"ನಮ್ಮೂರಲ್ಲಿ ಕರೆಂಟೆಲ್ಲಿ ಹೋಗುತ್ತೆ," ಎಂದ ಅಜ್ಜ. ಅಂದವನ ಚಾಕು ಅಲ್ಲೇ ನಿಂತಿತು. ಅವನು ತನ್ನ ಬಲಗಾಲಿನ ಹೆಬ್ಬೆರಳನ್ನೇ ನೋಡಿದ.

ಮೆರ್ಲೆ ತಟ್ಟೆಯ ಅಂಚನ್ನು ನೋಡುತ್ತಿದ್ದಳು.

ಅಜ್ಜ ಬ್ರೆಡ್ಡಿನ ತುದಿಯನ್ನು ದಪ್ಪಗೆ ಕೊಯ್ದ. ಗರಿಗರಿಯಾದ ಆ ತುದಿ ಎಂದೆಂದಿಗೂ ಅವನದೇ. ಹಿಂದೆ ಅಜ್ಜಿಗೂ ಅವನು ಅದನ್ನು ಬಿಟ್ಟುಕೊಟ್ಟಿರಲಿಲ್ಲ. ಅದಕ್ಕೆ ಬೆಣ್ಣೆ ಸವರಿ ಮೆರ್ಲೆಯ ತಟ್ಟೆಗಿಟ್ಟ.

ಮೆರ್ಲೆ ಅದನ್ನು ಎರಡೂ ಕೈಯಲ್ಲಿ ಹಿಡಿದು ಮೆಲ್ಲಗೆ ಕಚ್ಚಿದಳು.