ಅವ್ವನಿಗೆ ಮೂರು ಸದ್ದು

"ತಡ! ಮತ್ತೆ ತಡ ಆಯ್ತು ಶಶಿ!"

ಸುಲೋಚನಮ್ಮ ಟೀಚರ್ ಹಾರ್ಮೋನಿಯಂ ನಿಲ್ಲಿಸಿದರು. ಹಾಡುತ್ತಿದ್ದ ಮಕ್ಕಳೆಲ್ಲ ಬಾಯಿ ಮುಚ್ಚಿದರು. ಶಶಿರೇಖಾಳ ಕೈಯಲ್ಲಿದ್ದ ಗಿಲಕಿ ಮಾತ್ರ ಇನ್ನೊಂದು ಸಲ 'ಛಕ್' ಎಂದು ಆಮೇಲೆ ಸುಮ್ಮನಾಯಿತು.

"ನೋಡಿ ಟೀಚರ್, ನಾವು ನಿಲ್ಸಿದ್ರೂ ಅದು ನಿಲ್ಲಂಗಿಲ್ಲ," ಎಂದ ಗಂಗರಾಜು. "ನಮ್ಮನೆ ಪಾಪು ಕೈಗೆ ಕೊಡಿ, ಇವಳಿಗಿಂತ ಚೆನ್ನಾಗಿ ಅಲ್ಲಾಡಿಸ್ತೈತೆ."

ಎಲ್ಲರೂ ನಕ್ಕರು. ಶಶಿ ತಲೆ ತಗ್ಗಿಸಿ ಗಿಲಕಿಯನ್ನೇ ನೋಡಿದಳು.

ಅದೇನು ಪಾಪು ಆಡುವ ಗಿಲಕಿಯಲ್ಲ. ಕೈಗೆ ಸಿಗುವಷ್ಟು ಉದ್ದದ ಮರದ ಹಿಡಿ, ಅದರ ತುದಿಗೆ ಕಂದು ಬಣ್ಣದ ಟೊಳ್ಳು ಗುಂಡು, ಒಳಗೆ ಯಾವುದೋ ಕಾಳು. ವರ್ಷಗಟ್ಟಲೆ ಶಾಲೆಯ ಬೀರುವಿನಲ್ಲಿ ಬಿದ್ದಿತ್ತು. ಮಕ್ಕಳ ಕಾರ್ಯಕ್ರಮದಲ್ಲಿ ಹಾಡಲು ಬನ್ನಿ ಎಂದು ಚಿತ್ರದುರ್ಗದ ರೇಡಿಯೋ ಸ್ಟೇಷನ್ನಿನಿಂದ ಕಾಗದ ಬಂದ ಮೇಲೆ ಟೀಚರ್ ಅದರ ಧೂಳು ಒರೆಸಿದ್ದರು. ಆಯೇಷಾ ಮುಂದೆ ನಿಂತು ಹಾಡಬೇಕು, ಉಳಿದವರು ದನಿಗೂಡಿಸಬೇಕು. ಶಶಿಯ ದನಿ ಮೇಲಕ್ಕೆ ಹೋದರೆ ಒಡೆಯುತ್ತಿತ್ತು. ಹಾಗಾಗಿ ಅವಳ ಪಾಲಿಗೆ ಗಿಲಕಿ ಬಂತು.

"ಜೋರಾಗಿ ಅಲ್ಲಾಡಿಸೋದು ಬ್ಯಾಡ. ತಾಳಕ್ಕೆ ಸರಿಯಾಗಿ ಬಂದ್ರೆ ಸಾಕು," ಎಂದರು ಟೀಚರ್. "ಮನೆಗೆ ತಗೊಂಡು ಹೋಗಿ ಪ್ರಾಕ್ಟೀಸ್ ಮಾಡು."

ಆದರೆ ಶಶಿಗೆ ಜೋರಾಗಿಯೇ ಬೇಕಿತ್ತು. ಯಾಕೆಂದರೆ ಅದು ಚಳ್ಳಕೆರೆಯಿಂದ ಮೊಳಕಾಲ್ಮೂರಿನವರೆಗೆ ಕೇಳಿಸಬೇಕಿತ್ತು.

ಮೊಳಕಾಲ್ಮೂರಿನ ಹುಡುಗಿಯರ ಹಾಸ್ಟೆಲಿನಲ್ಲಿ ಅವ್ವ ಅಡುಗೆ ಮಾಡುತ್ತಿದ್ದಳು. ಅಪ್ಪ ಲಾರಿ ಹತ್ತಿ ಹೋದರೆ ಮತ್ತೆ ಬರುವುದು ಯಾವಾಗಲೋ. ಶಶಿ ಇರುವುದು ಚಳ್ಳಕೆರೆಯಲ್ಲಿ, ಹುಚ್ಚಕ್ಕಜ್ಜಿಯ ಜೊತೆ. ಅವ್ವ ಹದಿನೈದು ದಿನಕ್ಕೊಂದು ಭಾನುವಾರ ಬರುತ್ತಾಳೆ. ತಲೆಗೆ ಎಣ್ಣೆ ಹಚ್ಚಿ, ನೀರು ಹಾಕಿ, ಬಟ್ಟೆ ಒಗೆದು, ಸಂಜೆ ಬಸ್ಸಿಗೆ ಹೊರಟೇಬಿಡುತ್ತಾಳೆ.

ಹಾಸ್ಟೆಲಿನಲ್ಲಿ ಅರವತ್ತು ಹುಡುಗಿಯರಿದ್ದಾರಂತೆ. ಅರವತ್ತು ತಟ್ಟೆ. ಅವ್ವ ಕಟ್ಟಿದ ಬಿಸಿಬಿಸಿ ಮುದ್ದೆ, ಅವ್ವ ಕಾಸಿದ ಸಾರು ದಿನಾ ಅವರಿಗೆ! ಶಶಿ ಒಬ್ಬಳನ್ನೂ ನೋಡಿರಲಿಲ್ಲ. ಆದರೂ ಅವರೆಲ್ಲರ ಮೇಲೂ ಅವಳಿಗೆ ಸಿಟ್ಟಿತ್ತು.

ಹಾಸ್ಟೆಲಿನ ಅಡುಗೆಮನೆ ಕಿಟಕಿಯಲ್ಲಿ ಒಂದು ರೇಡಿಯೋ ಇದೆ ಎಂದು ಅವ್ವ ಹೇಳಿದ್ದಳು. ಕಾರ್ಯಕ್ರಮ ಬರುವುದು ಭಾನುವಾರ ಬೆಳಿಗ್ಗೆ. ಅದು ಅವ್ವ ಊರಿಗೆ ಬರದ ಭಾನುವಾರ. ಹಾಡಿದವರ ಹೆಸರನ್ನು ರೇಡಿಯೋದಲ್ಲಿ ಹೇಳುತ್ತಾರೆ. ಗಿಲಕಿ ಆಡಿಸಿದವರ ಹೆಸರನ್ನು ಯಾರು ಹೇಳುತ್ತಾರೆ?

ಅವತ್ತು ಸಂಜೆ ಶಶಿ ಒಂದು ಕಾರ್ಡು ಬರೆದಳು.

'ಅವ್ವಾ, ಭಾನುವಾರ ತಪ್ಪದೆ ರೇಡಿಯೋ ಕೇಳು. ಹಾಡುವುದು ಆಯೇಷಾ, ಗಿಲಕಿ ನಂದು. ಹಾಡು ಮುಗಿದ ಮೇಲೆ ಮೂರು ಸಲ ಛಕ್ ಛಕ್ ಛಕ್ ಅನ್ನಿಸುತ್ತೇನೆ. ಅದು ಟೀಚರಿಗೂ ಗೊತ್ತಿಲ್ಲ. ಅದು ನಿನಗೊಬ್ಬಳಿಗೇ.'

ಕಾರ್ಡನ್ನು ಡಬ್ಬಿಗೆ ಹಾಕಿ ಬಂದು ಗಿಲಕಿ ಹಿಡಿದು ಕೂತಳು. ಅಜ್ಜಿ ಎಣ್ಣೆ ಮಿಲ್ಲಿನಲ್ಲಿ ಶೇಂಗಾ ಹಸನು ಮಾಡಿ ಆಗ ತಾನೇ ಬಂದು ಕಾಲು ಚಾಚಿದ್ದಳು.

"ಅದೇನೇ ಅದು, ನೀನು ಹಾಡೋದು ಒಂದು ಕಡೆ, ಅದು ಬಡಿಯೋದು ಒಂದು ಕಡೆ?"

"ನಾನು ಸರಿಯಾಗೇ ಆಡಿಸ್ತೀನಜ್ಜಿ. ಇದೇ ತಡವಾಗಿ ಬರ್ತೈತೆ."

"ತಾ ಇಲ್ಲಿ." ಅಜ್ಜಿ ಗಿಲಕಿಯನ್ನು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿದಳು. ಮಿಲ್ಲಿನಲ್ಲಿ ಶೇಂಗಾ ಒಣಗಿದೆಯೋ ಇಲ್ಲವೋ ಎಂದು ನೋಡಲು ಅವಳು ದಿನಾ ಮಾಡುವುದೂ ಹೀಗೆಯೇ. "ಒಳಗೆ ಜಾಗ ಐತೆ ಕಣೆ. ಕಾಳು ಈ ಗೋಡೆ ಬಿಟ್ಟು ಆ ಗೋಡೆಗೆ ಹೋಗಬೇಕು. ಅದಕ್ಕೂ ಹೊತ್ತು ಬೇಕಲ್ಲ? ನೀನು ಹಾಡು ಬಂದ ಮೇಲೆ ಕೈ ಆಡಿಸ್ತೀಯ. ಕಾಳು ಹೋಗಿ ಮುಟ್ಟೋದರೊಳಗೆ ಹಾಡು ಮುಂದಕ್ಕೆ ಹೋಗಿರ್ತೈತೆ."

"ಮತ್ತೇನು ಮಾಡ್ಲಿ?"

"ಕಾಳನ್ನ ಒಂಚೂರು ಮೊದ್ಲೇ ಕಳಿಸು. ಕೈಯನ್ನ ಥಟ್ಟನೆ ನಿಲ್ಲಿಸು. ಎಲ್ಲಾ ಕಾಳೂ ಒಟ್ಟಿಗೇ ಹೋಗಿ ಬೀಳ್ತಾವೆ."

ಹೇಳಿದಷ್ಟು ಸುಲಭವಾಗಿರಲಿಲ್ಲ. ಮೊದಲ ದಿನ ಸದ್ದು ಹಾಡಿಗಿಂತ ಮುಂದೆ ಓಡಿತು. ಎರಡನೇ ದಿನ ಮಣಿಕಟ್ಟು ನೋಯಿತು. ಮೂರನೇ ದಿನ ಹಿತ್ತಲಲ್ಲಿ ಒಬ್ಬಳೇ ಆಡಿಸುತ್ತಿದ್ದಾಗ, ಒಂದೇ ಒಂದು 'ಛಕ್' ಹಾಡಿನ ಮಾತಿನ ಮೇಲೆ ನೆಟ್ಟಗೆ ಕೂತಿತು. ಶಶಿಗೆ ಮೈ ಜುಮ್ಮೆಂದಿತು. ಇನ್ನೊಂದು ಬರುತ್ತದೋ ಇಲ್ಲವೋ ಎಂಬ ಹೆದರಿಕೆಯಲ್ಲೇ ಮತ್ತೆ ಆಡಿಸಿದಳು. ಬಂತು!

ಮರುದಿನ ಶಾಲೆಯಲ್ಲಿ ಟೀಚರ್ ಹಾರ್ಮೋನಿಯಂ ನಿಲ್ಲಿಸಲೇ ಇಲ್ಲ. ಗಂಗರಾಜು ಕೂಡ ಬಾಯಿ ಬಿಡಲಿಲ್ಲ.

ಶುಕ್ರವಾರ ಎಲ್ಲರೂ ದುರ್ಗಕ್ಕೆ ಹೋದರು. ಬಸ್ಸಿನಲ್ಲಿ ಆಯೇಷಾ ಕುತ್ತಿಗೆಗೆ ಮಫ್ಲರ್ ಸುತ್ತಿಕೊಂಡು ಸುಮ್ಮನೆ ಕೂತಿದ್ದಳು. ಮೂರು ದಿನದಿಂದ ಅವಳ ಗಂಟಲು ಕಟ್ಟಿತ್ತು.

"ಮಾತಾಡಿಸ್ಬೇಡ ಶಶಿ," ಎಂದು ಪಿಸುಗುಟ್ಟಿದಳು. "ನಮ್ಮ ಅಜ್ಜಿ ಅರಿಶಿನದ ಹಾಲು ಕುಡಿಸಿ ಕುಡಿಸಿ ಹೊಟ್ಟೆಯೆಲ್ಲಾ ಹಳದಿ ಮಾಡಿದಾಳೆ. ಒಂದು ಸಲ ಹಾಡ್ತೀನಿ. ಎರಡನೇ ಸಲ ಆಗಲ್ಲ."

ಸ್ಟುಡಿಯೋದಲ್ಲಿ ಗೋಡೆಗೆಲ್ಲ ತೂತು ತೂತಿನ ಹಲಗೆ. ಕಿಟಕಿಯೇ ಇಲ್ಲ. ಗಾಜಿನಾಚೆ ಕೂತಿದ್ದ ರೆಕಾರ್ಡಿಂಗ್ ಸಾರ್ ಮೈಕಿನಲ್ಲಿ ಹೇಳಿದರು: "ಕೆಂಪು ಲೈಟ್ ಬಂದಾಗ ಶುರು ಮಾಡಿ ಮಕ್ಕಳೇ. ಹಾಡು ಮುಗಿದ ಮೇಲೂ ಲೈಟ್ ಆರೋವರೆಗೆ ಯಾರೂ ಅಲ್ಲಾಡಬೇಡಿ. ಉಸಿರು ಬಿಟ್ಟರೂ ಕೇಳಿಸುತ್ತೆ. ಸದ್ದಾದರೆ ಮೊದಲಿಂದ ಹಾಡಬೇಕು."

ಕೆಂಪು ಲೈಟ್ ಬಂತು.

ಆಯೇಷಾಳ ದನಿ ಮೊದಲು ಸ್ವಲ್ಪ ನಡುಗಿತು, ಆಮೇಲೆ ತಿಳಿಯಾಯಿತು. ಶಶಿ ಕಾಳುಗಳನ್ನು ಒಂಚೂರು ಮೊದಲೇ ಕಳಿಸುತ್ತ ಹೋದಳು. ಅವು ಹೋಗಿ ಹೋಗಿ ಹಾಡಿನ ಮೇಲೆಯೇ ಬೀಳುತ್ತಿದ್ದವು. ಕೊನೆಯ ಸಾಲು ಬಂತು. ಅದನ್ನು ಆಯೇಷಾ ಒಬ್ಬಳೇ ಮೆಲ್ಲಗೆ ಹಾಡಬೇಕು. ಶಶಿ ಗಿಲಕಿಯನ್ನು ಮೇಲಕ್ಕೆತ್ತಿದಳು. ಇನ್ನೇನು ಹಾಡು ಮುಗಿದರೆ ಮೂರು ಸಲ. ಅವ್ವನಿಗೆ.

ಹಾಡು ಮುಗಿಯಿತು.

ಆಯೇಷಾ ಕಣ್ಣು ಮುಚ್ಚಿ ನಿಂತಿದ್ದಳು. ಕೆಮ್ಮು ಬರದಿರಲೆಂದು ಎರಡೂ ಕೈಯಿಂದ ಬಾಯಿ ಒತ್ತಿಕೊಂಡಿದ್ದಳು. ಕಣ್ಣಂಚಿನಿಂದ ನೀರು ಇಳಿಯುತ್ತಿತ್ತು.

ಶಶಿಯ ಕೈ ಮೇಲೆಯೇ ಉಳಿಯಿತು. ಇಳಿಸಿದರೂ ಕಾಳು ಸದ್ದು ಮಾಡುತ್ತದೆ. ಇನ್ನೊಂದು ಕೈಯಿಂದ ಆ ತೋಳನ್ನು ಗಟ್ಟಿಯಾಗಿ ಹಿಡಿದುಕೊಂಡಳು. ಎಷ್ಟು ಹೊತ್ತೋ ಏನೋ, ಕೊನೆಗೆ ಲೈಟ್ ಆರಿತು.

"ಓಕೆ! ಒಂದೇ ಟೇಕಿಗೆ ಓಕೆ!" ಎಂದಿತು ಮೈಕು. ಆಯೇಷಾ ಕೆಮ್ಮುತ್ತಲೇ ನಕ್ಕಳು. ಎಲ್ಲರೂ ಚಪ್ಪಾಳೆ ತಟ್ಟಿದರು. ಆ ಗದ್ದಲದಲ್ಲಿ ಶಶಿ ಕೈ ಇಳಿಸಿದಳು. ಛಕ್ ಎಂದದ್ದು ಯಾರಿಗೂ ಕೇಳಿಸಲಿಲ್ಲ.

ಅವ್ವನಿಗೆ ಹೇಳುವುದು ಹೇಗೆ? ಈಗ ಕಾರ್ಡು ಹಾಕಿದರೆ ತಲುಪುವುದು ಸೋಮವಾರ.

ಭಾನುವಾರ ಆಯೇಷಾಳ ಮನೆಯಲ್ಲಿ ಎಲ್ಲರೂ ರೇಡಿಯೋದ ಸುತ್ತ ಕೂತರು. ಹಾಡಿನ ಅಡಿಯಲ್ಲೆಲ್ಲೋ ಗಿಲಕಿ ಸಣ್ಣಗೆ ನಡೆದುಹೋಗುತ್ತಿತ್ತು. "ವಾಹ್, ಮಾಷಾ ಅಲ್ಲಾಹ್!" ಎಂದು ಆಯೇಷಾಳ ಅಜ್ಜಿ ಹಜರಾ ಬೀ ಇಬ್ಬರ ತಲೆಯನ್ನೂ ಸವರಿದರು. ಹಾಡು ಮುಗಿಯಿತು. ಒಂದು ಕ್ಷಣ ಏನೂ ಇಲ್ಲ. ಆಮೇಲೆ ಅನೌನ್ಸರ್ ಅಕ್ಕನ ದನಿ ಬಂತು. ಆ ಏನೂ ಇಲ್ಲದ ಕ್ಷಣದಲ್ಲಿ ಅವ್ವ ರೇಡಿಯೋಕ್ಕೆ ಕಿವಿ ಹಚ್ಚಿರುತ್ತಾಳೆ ಎಂದು ಶಶಿಗೆ ಅನ್ನಿಸಿತು. ಸಿಹಿ ಕೊಟ್ಟರೆ ಬಾಯಿಗೆ ಸೇರಲಿಲ್ಲ.

ಸಂಜೆ ದೀಪ ಹಚ್ಚುವ ಹೊತ್ತಿಗೆ ಬಾಗಿಲು ದಬದಬ ಬಡಿದ ಸದ್ದಾಯಿತು. ಶಶಿ ತೆರೆದಳು.

ಅವ್ವ!

ಅವ್ವನ ಸೀರೆಯ ನೆರಿಗೆ ಅಸ್ತವ್ಯಸ್ತ, ತಲೆಯೆಲ್ಲ ಧೂಳು. ಒಳಗೆ ಬಂದವಳೇ ಶಶಿಯ ಹಣೆ, ಕುತ್ತಿಗೆ, ಬೆನ್ನು ಎಲ್ಲವನ್ನೂ ಮುಟ್ಟಿ ಮುಟ್ಟಿ ನೋಡಿದಳು.

"ಜ್ವರ ಇಲ್ವಾ? ಬಿದ್ದು ಗಿದ್ದು ಕೈ ಮುರ್ಕಂಡ್ಯಾ? ಎಲ್ಲಿ, ಕೈ ತೋರ್ಸು!"

"ನಂಗೇನೂ ಆಗಿಲ್ಲವ್ವ..."

"ಮತ್ತೆ ಮೂರು ಸಲ ಯಾಕೆ ಬರ್ಲಿಲ್ಲ?" ಅವ್ವ ಅವಳ ಎರಡೂ ಕೈ ಹಿಡಿದುಕೊಂಡಳು. "ಹೋದ ವರ್ಷ ನಿಂಗೆ ಜ್ವರ ಬಂದಾಗ ನಂಗೆ ಗೊತ್ತಾಗಿದ್ದು ಮೂರು ದಿನ ಆದ್ಮೇಲೆ. ಇವತ್ತೂ ಹಂಗೇ ಅಂತ, ನಿನ್ನ ಬದ್ಲು ಬೇರೆ ಯಾರೋ ಆಡಿಸಿದಾರೆ ಅಂತ... ಮಧ್ಯಾಹ್ನದ ಊಟ ಬಡಿಸಿದ್ದೇ ವಾಚ್‌ಮನ್ ಮಾರಣ್ಣನ ಹೆಂಡ್ತಿ ಕೈಗೆ ಒಲೆ ಒಪ್ಪಿಸಿ ಓಡಿ ಬಂದೆ. ಆ ಬಸ್ಸೋ, ದಾರೀಲಿ ತಳಕಿನ ಹತ್ರ ಒಂದು ಗಂಟೆ ಕೆಟ್ಟು ನಿಲ್ತು. ನನ್ನ ಜೀವ ಜೀವದಲ್ಲಿ ಇರ್ಲಿಲ್ಲ ಕಣೆ."

ಶಶಿ ಎಲ್ಲವನ್ನೂ ಹೇಳಿದಳು. ಕೇಳುತ್ತ ಕೇಳುತ್ತ ಅವ್ವ ಗೋಡೆಗೆ ಒರಗಿ ಕೂತುಬಿಟ್ಟಳು. ನಗುತ್ತಿದ್ದಳೋ ಅಳುತ್ತಿದ್ದಳೋ ತಿಳಿಯಲಿಲ್ಲ.

ಅವತ್ತು ಮುದ್ದೆ ಕಟ್ಟಿದ್ದು ಅವ್ವ. ಬಿಸಿಬಿಸಿ. ಶಶಿ ಎರಡು ಉಂಡಳು.

"ನಾನು ಹೊರಟಾಗ ಒಂದು ಸಣ್ಣ ಹುಡುಗಿ ಗೇಟು ಹಿಡ್ಕಂಡು ನಿಂತಿತ್ತು," ಎಂದಳು ಅವ್ವ ಅಜ್ಜಿಗೆ. "ಆಂಧ್ರದ ಗಡಿ ಕಡೇದು, ಇನ್ನೂ ಕನ್ನಡ ಸರಿಯಾಗಿ ಬರಲ್ಲ. 'ರೇಪು ವಸ್ತಾವಾ ಅತ್ತಾ?' ಅಂತು. ನಾಳೆ ಬರ್ತೀಯಾ ಅಂತ. ಅದರ ಅವ್ವ ಬಂದು ಹೋಗಿ ಎರಡು ತಿಂಗಳಾಯ್ತು."

ಶಶಿ ಅವ್ವನ ಸೆರಗು ಹಿಡಿದು ಮಲಗಿದಳು. ಸೆರಗಿಗೆ ಒಗ್ಗರಣೆಯ ವಾಸನೆ ಇತ್ತು, ಹೊಗೆಯ ವಾಸನೆ ಇತ್ತು. ನಾಳೆ ಇಲ್ಲೇ ಇರು ಎಂದು ಕೇಳಬೇಕೆನ್ನಿಸಿತು. ಬಹಳ ಹೊತ್ತು ಅನ್ನಿಸುತ್ತಲೇ ಇತ್ತು.

ಕೋಳಿ ಕೂಗಿತು. ಅಜ್ಜಿ ಇನ್ನೂ ಎದ್ದಿರಲಿಲ್ಲ. ದಣಿದಿದ್ದ ಅವ್ವ ಬಾಯಿ ತೆರೆದು ಮಗುವಿನ ಹಾಗೆ ನಿದ್ದೆ ಮಾಡುತ್ತಿದ್ದಳು. ಸುಮ್ಮನಿದ್ದರೆ ಸಾಕಿತ್ತು, ಮೊದಲ ಬಸ್ಸು ಹೋಗಿಬಿಡುತ್ತಿತ್ತು.

ಶಶಿ ಎದ್ದು ಕೂತಳು. ಅವ್ವನ ಮುಖವನ್ನು ಸ್ವಲ್ಪ ಹೊತ್ತು ನೋಡಿದಳು.

"ಅವ್ವಾ," ಎಂದು ಭುಜ ಮುಟ್ಟಿದಳು. "ಏಳವ್ವ. ಐದೂವರೆ ಬಸ್ಸಿಗೆ ಹೋಗ್ಬೇಕಲ್ಲ. ಆ ಹುಡುಗಿ ಎದ್ದಿರ್ತಾಳೆ."